ಕರೆಂಟಿಲ್ಲದೆ ಬೋರ್ ಓಡಿಸುತ್ತೇವೆ ಅಂತ ಬಂದವರಿಗೆ ಅಡ್ವಾನ್ಸ್ ಕೊಡಬೇಡಿ

ಮುಖ್ಯವಾಗಿ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ರೈತರಿಗೆ ಹೇಳುತ್ತಿದ್ದೇನೆ. ಕರೆಂಟ್ ಬೇಡ, ಡೀಸೆಲ್ ಬೇಡ, ಬಿಸಿಲೂ ಬೇಡ, ಬರೀ ಮ್ಯಾಗ್ನೆಟ್‌ನಿಂದ ಬೋರ್ ಮೋಟಾರು ಓಡಿಸುವ ಜನರೇಟರ್ ಅಂತ ವಿಡಿಯೊಗಳು ಫೋನಿಂದ ಫೋನಿಗೆ ಬರುತ್ತಿವೆ. ನಮ್ಮ ಭಾವ ಅದಕ್ಕೆ 90,000 ರೂಪಾಯಿ ಅಡ್ವಾನ್ಸ್ ಕೊಟ್ಟು ಕಳೆದುಕೊಂಡರು. ಮಾರಿದವರ ಹೆಸರು ಇಲ್ಲಿ ಬರೆಯುವುದಿಲ್ಲ, ದೂರು ಕೊಟ್ಟಾಗಿದೆ. ಬರೆದರೂ ಪ್ರಯೋಜನ ಕಡಿಮೆ. ಇಂಥವರು ಬೋರ್ಡು ಬದಲಾಯಿಸಿಕೊಂಡು ಮತ್ತೆ ಬರುತ್ತಾರೆ.

ನಾನು ಕೋಲಾರದಲ್ಲಿ ಮೋಟಾರು ರಿವೈಂಡಿಂಗ್ ಮಾಡುವವನು. ಭಾವ ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ಹಾಗಂತ ಅವರನ್ನು ದಡ್ಡರು ಅನ್ನಬೇಡಿ. ಬೋರು ಸಾವಿರ ಅಡಿ ದಾಟಿದೆ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೋ ಯಾವಾಗ ಹೋಗುತ್ತೋ. ಟೊಮೆಟೊ ಹೂ ಬಿಟ್ಟಿರುವಾಗ ನೀರು ತಪ್ಪಿದರೆ ಬೆಳೆ ಹೋಯಿತು. ಅಂಥ ಹೊತ್ತಿನಲ್ಲಿ ಇನ್ ಶರ್ಟ್ ಮಾಡಿಕೊಂಡ ಇಬ್ಬರು ಬಂದು, 'ಯಜಮಾನ್ರೇ, ಇನ್ನು ಕರೆಂಟಿಗೆ ಕಾಯೋದೇ ಬೇಡ' ಅಂದರೆ ಯಾರಿಗೆ ಆಸೆ ಆಗಲ್ಲ?

ಮೊದಲು ಒಂದು ಚಿಕ್ಕ ಮಾದರಿ ತಂದಿದ್ದರಂತೆ. ಟೇಬಲ್ ಮೇಲೆ ಮ್ಯಾಗ್ನೆಟ್ ಅಂಟಿಸಿದ ಚಕ್ರ ತಿರುಗುತ್ತದೆ, ಬಲ್ಬು ಉರಿಯುತ್ತದೆ, ವೈರು ಕಾಣುವುದಿಲ್ಲ. ಅಕ್ಕನ ಮಗ ಪಿಯುಸಿ ಓದುತ್ತಾನೆ. ಅವನು ಎತ್ತಿ ನೋಡಲು ಕೈ ಹಾಕಿದಾಗ 'ಮುಟ್ಟಬೇಡಪ್ಪ, ಫೀಲ್ಡ್ ಕೆಟ್ಟುಹೋಗುತ್ತೆ' ಅಂದರಂತೆ. ಅಲ್ಲೇ ಅವರನ್ನು ಎಬ್ಬಿಸಿ ಕಳಿಸಬೇಕಿತ್ತು. ಮ್ಯಾಗ್ನೆಟ್ ಫೀಲ್ಡು ಕೈ ಮುಟ್ಟಿದರೆ ಕೆಡುವುದಿಲ್ಲ.

ಆಮೇಲೆ ದೊಡ್ಡ ಪೆಟ್ಟಿಗೆ ಬಂತು, ಮುಚ್ಚಳಕ್ಕೆ ಸೀಲ್ ಹಾಕಿ. ತೆಗೆದರೆ ವಾರಂಟಿ ಇಲ್ಲ. ಹೊಂಡದಿಂದ ಡ್ರಿಪ್‌ಗೆ ನೀರು ಬಿಡುವ 1 ಎಚ್‌ಪಿ ಮೋಟಾರಿಗೆ ಜೋಡಿಸಿದರು, ಬೆಳಿಗ್ಗೆ ಓಡಿತು. ಭಾವ ಖುಷಿಯಿಂದ ಫೋನ್ ಮಾಡಿದ್ದು ಆಗ. ನಾನು ಮಧ್ಯಾಹ್ನ ಹೋಗುವ ಹೊತ್ತಿಗೆ ನಿಂತಿತ್ತು. 10 ಎಚ್‌ಪಿ ಬೋರ್ ಮೋಟಾರಿಗೆ ಕೊಟ್ಟರೆ ಸ್ಟಾರ್ಟರ್ ಒತ್ತಿದ ತಕ್ಷಣ ಟ್ರಿಪ್. 'ಬೋರಿಗೆ ಬೇರೆ ಮಾಡೆಲ್ ಕಳಿಸ್ತೀವಿ, ಬಾಕಿ ದುಡ್ಡು ಹಾಕಿ' ಅಂದರು. ಅದಾದ ಮೇಲೆ ಫೋನ್ ಸ್ವಿಚ್ ಆಫ್.

ಸೀಲ್ ಒಡೆದೆ. ಒಳಗೆ 12 ವೋಲ್ಟಿನ 150 ಎಎಚ್ ಬ್ಯಾಟರಿ ಎರಡು, ಒಂದು ಇನ್ವರ್ಟರ್, ಸುಮ್ನೆ ಗುಂಯ್‌ಗುಟ್ಟಲಿ ಅಂತ ಒಂದು ಸಣ್ಣ ಮೋಟಾರು, ಅದರ ಮೇಲೆ ಮ್ಯಾಗ್ನೆಟ್ ಚಕ್ರ. 12ನ್ನು 150ರಿಂದ ಗುಣಿಸಿದರೆ 1,800 ವ್ಯಾಟ್ ಅವರ್. ಎರಡೂ ಸೇರಿ 3.6 ಯೂನಿಟ್. ಮನೆಯಲ್ಲಿ ಚಾರ್ಜ್ ಮಾಡಿ ತಂದ ಕರೆಂಟನ್ನೇ ನಮಗೆ ಮಾರಿದ್ದಾರೆ. ಯೂನಿಟ್ ಲೆಕ್ಕದಲ್ಲಿ ಇಷ್ಟು ದುಬಾರಿ ಕರೆಂಟು ಭೂಮಿ ಮೇಲೆ ಇನ್ನೆಲ್ಲೂ ಸಿಗಲಿಕ್ಕಿಲ್ಲ.

ಕಾಗದ ಪೆನ್ನು ಸಾಕು, ಮೋಸ ಮೊದಲೇ ಗೊತ್ತಾಗುತ್ತದೆ. ಸಾವಿರ ಅಡಿ ಅಂದರೆ ಸುಮಾರು 305 ಮೀಟರ್. ಸಾವಿರ ಲೀಟರ್ ನೀರು ಸಾವಿರ ಕೆಜಿ. ಭೂಮಿಯ ಸೆಳೆತದ ಲೆಕ್ಕ 9.8. 1,000 × 9.8 × 305, ಹತ್ತಿರ ಹತ್ತಿರ 30 ಲಕ್ಷ ಜೂಲ್, ಶಕ್ತಿಯನ್ನು ಅಳೆಯುವುದು ಜೂಲ್‌ನಲ್ಲಿ. ಒಂದು ಯೂನಿಟ್ ಕರೆಂಟು 36 ಲಕ್ಷ ಜೂಲ್. ಅಂದರೆ ಸಾವಿರ ಲೀಟರ್ ಮೇಲೆತ್ತಲು 0.8 ಯೂನಿಟ್‌ಗಿಂತ ಜಾಸ್ತಿ ಬೇಕೇ ಬೇಕು. ಅದೂ ಒಂಚೂರೂ ನಷ್ಟವಿಲ್ಲದ ಪಂಪಿಗೆ, ಅಂಥ ಪಂಪು ಎಲ್ಲೂ ಇಲ್ಲ. ಇಷ್ಟು ಶಕ್ತಿ ಎಲ್ಲಿಂದ ಬರುತ್ತದೆ ಅಂತ ಕೇಳಿ. ಮ್ಯಾಗ್ನೆಟ್ ಅನ್ನುವುದು ಉತ್ತರ ಅಲ್ಲ. ಹತ್ತಿರ ಬರುವಾಗ ಎಷ್ಟು ಎಳೆಯುತ್ತದೋ ದೂರ ಹೋಗುವಾಗ ಅಷ್ಟೇ ಹಿಡಿಯುತ್ತದೆ. ಒಂದು ಸುತ್ತು ಮುಗಿದಾಗ ಲಾಭ ಸೊನ್ನೆ. ಮೋಟಾರಿನಿಂದ ಜನರೇಟರ್ ತಿರುಗಿಸಿ, ಆ ಕರೆಂಟಿನಿಂದಲೇ ಮತ್ತೆ ಮೋಟಾರು ಓಡಿಸುತ್ತೇವೆ ಅಂದರೂ ಅಷ್ಟೇ. ಎರಡರಲ್ಲೂ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಸುಟ್ಟ ವೈಂಡಿಂಗ್ ದಿನಾ ಬಿಚ್ಚುವವನು ನಾನು, ಆ ಬಿಸಿ ನನಗೆ ಗೊತ್ತು.

ಇಂಥದ್ದನ್ನು ಮಾರುವವರ ಮಾತಿನಲ್ಲಿ ಬರುವ ಪದಗಳೆಲ್ಲ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಝೀರೊ ಪಾಯಿಂಟ್ ಎನರ್ಜಿ, ಅಂದರೆ ಎಷ್ಟೇ ತಣ್ಣಗಾದರೂ ವಸ್ತುವಿನಲ್ಲಿ ಉಳಿಯುವ ಕನಿಷ್ಠ ಶಕ್ತಿ, ನಿಜವಾದ ಭೌತಶಾಸ್ತ್ರ. ಆದರೆ ಅದರಿಂದ ಮೋಟಾರು ಓಡಿಸಿದವರು ಯಾರೂ ಇಲ್ಲ. ಭಾಸ್ಕರಾಚಾರ್ಯರು 12ನೇ ಶತಮಾನದಲ್ಲೇ ಪಾದರಸ ತುಂಬಿ ತಾನಾಗಿ ತಿರುಗುವ ಚಕ್ರದ ಬಗ್ಗೆ ಬರೆದದ್ದೂ ನಿಜ. ಅಂಥ ಚಕ್ರ ಮಾತ್ರ ಹಾಗೆ ತಿರುಗುವುದಿಲ್ಲ. ಇಂಥ ಯಂತ್ರಗಳ ಅರ್ಜಿ ನೋಡಿ ನೋಡಿ ಸಾಕಾಗಿ, ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ ಇನ್ನು ಪರಿಶೀಲಿಸುವುದಿಲ್ಲ ಅಂದುಬಿಟ್ಟಿತು. 'ಪೇಟೆಂಟ್ ಹಾಕಿದ್ದೀವಿ' ಅಂತ ಒಂದು ನಂಬರೂ ತೋರಿಸಿದ್ದರು. ಅರ್ಜಿ ಯಾರು ಬೇಕಾದರೂ ಹಾಕಬಹುದು. ಪ್ರಕೃತಿ ನಿಯಮಕ್ಕೆ ಸ್ಪಷ್ಟವಾಗಿ ವಿರುದ್ಧವಾದದ್ದಕ್ಕೆ ಪೇಟೆಂಟ್ ಇಲ್ಲ ಅಂತ ನಮ್ಮ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಇದೆ.

ಭಾವನಿಗೆ ಆಮೇಲೂ ಅರ್ಧ ನಂಬಿಕೆ ಉಳಿದಿತ್ತು. 'ವಿಜ್ಞಾನಿಗಳು ಹೊಸದನ್ನ ಒಪ್ಪಲ್ಲಪ್ಪ, ತುಳೀತಾರೆ' ಅಂತ ವಿಡಿಯೊದಲ್ಲಿ ಹೇಳಿದ್ದರಂತೆ. ನಾನು ಕೆಜಿಎಫ್ ವಿಷಯ ಹೇಳಿದೆ. ನಮ್ಮ ಜಿಲ್ಲೆಯದೇ ಗಣಿ, ನೆಲದಡಿ ಎರಡು ಕಿಲೋಮೀಟರಿಗಿಂತ ಆಳ. ವಿಜ್ಞಾನಿಗಳು ಅಲ್ಲಿ ಉಪಕರಣ ಇಟ್ಟು 1965ರಲ್ಲಿ ವಾತಾವರಣದಿಂದ ಬರುವ ನ್ಯೂಟ್ರಿನೊ ಅನ್ನುವ, ನೆಲವನ್ನೂ ತೂರಿ ಹೋಗುವ ಅತಿ ಸಣ್ಣ ಕಣಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಬೇರೆ ತಂಡಕ್ಕೂ ಸಿಕ್ಕಿತು. ಹೊಸ ವಿಷಯವೇ, ಜಗತ್ತು ಒಪ್ಪಿತು. 1980ರ ದಶಕದಲ್ಲಿ ಅದೇ ಕೆಜಿಎಫ್‌ನಲ್ಲಿ, ಪರಮಾಣುವಿನೊಳಗಿನ ಪ್ರೋಟಾನ್ ಅನ್ನುವ ಕಣ ಒಡೆದ ಹಾಗೆ ಕಾಣುವ ಕೆಲವು ಗುರುತುಗಳು ಸಿಕ್ಕವು. ಖಚಿತವಾಗಿದ್ದರೆ ದೊಡ್ಡ ಸುದ್ದಿ. ಅಮೆರಿಕ, ಜಪಾನಿನವರು ಇನ್ನೂ ದೊಡ್ಡ ಉಪಕರಣ ಇಟ್ಟು ಹುಡುಕಿದರು, ಸಿಗಲಿಲ್ಲ. ಪ್ರೋಟಾನ್ ಒಡೆಯುತ್ತದೆ ಅಂತ ಇವತ್ತಿಗೂ ಸಾಬೀತಾಗಿಲ್ಲ. ನಿಜವಾದ ವಿಜ್ಞಾನಿ ತನ್ನ ಪೆಟ್ಟಿಗೆಗೆ ಸೀಲ್ ಹಾಕುವುದಿಲ್ಲ, ಭಾವ, ನೀವೂ ಅಳೆದು ನೋಡಿ ಅಂತಾನೆ ಅಂದೆ. ಅವರು ಏನೂ ಹೇಳಲಿಲ್ಲ, ಅಕ್ಕ ಮಾತ್ರ ಜೋರಾಗಿ ಹೇಳಿದರು, ಅದನ್ನು ಬರೆಯುವ ಹಾಗಿಲ್ಲ.

ಅಂದಹಾಗೆ ಆ ಗಣಿಗೆ 1902ರಲ್ಲೇ ಕರೆಂಟು ಬಂದಿತ್ತು. ಅದೂ ಸುಮ್ನೆ ಹುಟ್ಟಿದ್ದಲ್ಲ, ಶಿವನಸಮುದ್ರದಲ್ಲಿ ಕಾವೇರಿ ಧುಮುಕಿ ಕೊಟ್ಟದ್ದು. ಸೋಲಾರ್ ಹಾಕುವವರು ಮೋಡ ಬಂದರೆ ನೀರು ಕಡಿಮೆ ಅಂತ ಮೊದಲೇ ಹೇಳುತ್ತಾರೆ. ಯಾವ ತೊಂದರೆಯೂ ಇಲ್ಲ ಅನ್ನುವವರ ಹತ್ತಿರ ಹುಷಾರು.

ಮಾದರಿ ತೋರಿಸಲು ಬಂದರೆ ಚಕ್ರ ನೋಡಬೇಡಿ, ಟೇಬಲ್ ಬದಲಾಯಿಸಿ, ವೈರು ಅದರೊಳಗೇ ಅಡಗಿರಬಹುದು. ಎರಡು ದಿನ ಬಿಡದೆ ನಿಮ್ಮ ಬೋರೇ ಓಡಿಸಿ ತೋರಿಸಲಿ, ಮುಚ್ಚಳ ತೆಗೆದು, ನಿಮ್ಮ ಕಡೆಯ ಮೆಕ್ಯಾನಿಕ್ ವೈರಿನಲ್ಲಿ ಹರಿಯುವ ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ನಿಂತಿರಲಿ. ಆನ್‌ಲೈನಿನಲ್ಲಿ ದುಡ್ಡು ಹಾಕಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಭಾವ ನಾಚಿಕೆಯಿಂದ ತಡ ಮಾಡಿದರು, ದುಡ್ಡು ಆ ಖಾತೆಯಿಂದ ಆಗಲೇ ಹೋಗಿತ್ತು. ಬ್ಯಾಟರಿ ಎರಡೂ ಚೆನ್ನಾಗಿವೆ, ಈಗ ಅವರ ಮನೆ ಯುಪಿಎಸ್‌ಗೆ ಹಾಕಿಕೊಟ್ಟಿದ್ದೇನೆ.