ತೀರ್ಥಹಳ್ಳಿಯ ತೊಟ್ಟಿಮನೆಯಲ್ಲಿ ಸಾಂ-ಜಾರ್ಜ್

ತೀರ್ಥಹಳ್ಳಿ ಸಮೀಪದ ಹಳೆಯ ತೊಟ್ಟಿಮನೆಯೊಂದರಲ್ಲಿ ಕಳೆದ ಶನಿವಾರ ಮತ್ತು ಭಾನುವಾರ ಸಂಜೆ ನಡೆದ ಎರಡು ಕಛೇರಿಗಳು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಒಬ್ಬನೇ ಸಂಯೋಜಕನಿಗೆ ಮೀಸಲಾಗಿದ್ದವು. ಆತ ಶೆವಾಲಿಯೆ ದ ಸಾಂ-ಜಾರ್ಜ್ ಎಂದು ಹೆಸರಾದ ಜೋಸೆಫ್ ಬೊಲೋನ್. 1745ರಲ್ಲಿ ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ, ಫ್ರೆಂಚ್ ತೋಟದೊಡೆಯನಿಗೂ ಗುಲಾಮಗಿರಿಯಲ್ಲಿದ್ದ ನನೋನ್ ಎಂಬ ಆಫ್ರಿಕನ್ ಮೂಲದ ಹೆಣ್ಣಿಗೂ ಹುಟ್ಟಿದ ಈತ ಪ್ಯಾರಿಸ್ಸಿನಲ್ಲಿ ಬೆಳೆದು, ಮೊದಲು ಕತ್ತಿವರಸೆಯಲ್ಲಿ ಹೆಸರು ಮಾಡಿ, 1773ರಲ್ಲಿ ಅಲ್ಲಿನ ಪ್ರಮುಖ ವಾದ್ಯವೃಂದವೊಂದರ ನಾಯಕನಾದ.

ಮೊದಲ ಸಂಜೆ ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಿಯೋಲಾ, ಮಂದ್ರಸ್ಥಾಯಿಯ ಒಂದು ಚೆಲ್ಲೋಗಳಿಗಾಗಿ ಆತ ಬರೆದ ಓಪಸ್ (ಪ್ರಕಟಣೆಯ ಕ್ರಮಸಂಖ್ಯೆ) 1ರ ಮೂರು ಕ್ವಾರ್ಟೆಟ್‌ಗಳನ್ನು ನುಡಿಸಿದರು. ಪ್ರತಿಯೊಂದರಲ್ಲೂ ಎರಡೇ ಭಾಗಗಳು. ರೊಂಡೋ ರೂಪದಲ್ಲಿ ಮುಖ್ಯ ರಾಗಭಾಗ ಮತ್ತೆ ಮತ್ತೆ ಮರಳಿ ಬರುವುದರಿಂದ, ಪಲ್ಲವಿಗೆ ಒಗ್ಗಿದ ನಮ್ಮ ಕಿವಿಗೆ ದಾರಿ ತಪ್ಪುವ ಭಯವಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ವೀಣೆಯ ಹಿರಿಯ ಶಿಕ್ಷಕಿಯೊಬ್ಬರು ಎರಡನೆಯ ಸಲಕ್ಕೇ ತೊಡೆಯ ಮೇಲೆ ಎಣಿಕೆ ಹಿಡಿದಿದ್ದರು. ಮಳೆಗಾಲದ ಥಂಡಿಗೆ ಬಿರಡೆಗಳು ಬಿಗಿದುಕೊಂಡು ಚೆಲ್ಲೋ ವಾದಕರು ಪ್ರತಿ ಕೃತಿಯ ನಡುವೆ ಶ್ರುತಿ ಸರಿಮಾಡಿಕೊಳ್ಳಬೇಕಾಯಿತು. ಹಂಚಿನ ಮೇಲೆ ಮಳೆ ಜೋರಾದಾಗ ಅವರು ನುಡಿಸುವುದನ್ನು ನಿಲ್ಲಿಸಿ ಕಾದರು. ಅದು ನನಗೆ ಬಹಳ ಹಿಡಿಸಿತು.

ಭಾನುವಾರ ಓಪಸ್ 5ರ ಎ ಮೇಜರ್ ಕಾನ್ಸರ್ಟೊವನ್ನು, ಅಂದರೆ ಒಂಟಿ ಪಿಟೀಲಿಗೂ ವಾದ್ಯವೃಂದಕ್ಕೂ ಬರೆದ ಕೃತಿಯನ್ನು, ವಾದ್ಯವೃಂದವಿಲ್ಲದೆ, ಉಳಿದ ಮೂವರ ಬೆಂಬಲದಲ್ಲೇ ನುಡಿಸಿದ್ದು ಸಾಹಸವೇ ಸರಿ. ಮೊದಲ ಭಾಗ ತುಸು ಬಡಕಲಾಗಿ ಕೇಳಿಸಿತಾದರೂ, ನಿಧಾನಗತಿಯ ಲಾರ್ಗೋದಲ್ಲಿ ಪಿಟೀಲು ವಾದಕಿ ಮೇಲುಸ್ಥಾಯಿಯಲ್ಲಿ ಕಮಾನನ್ನು ಒಂದಿಷ್ಟೂ ಒತ್ತದೆ ಎಳೆದ ಆ ಒಂದು ದೀರ್ಘ ಸ್ವರಕ್ಕಾಗಿಯೇ ಇನ್ನೂರು ರೂಪಾಯಿಯ ಟಿಕೆಟ್ ಸಾರ್ಥಕವೆನಿಸಿತು.

ನನ್ನ ಆಕ್ಷೇಪವಿರುವುದು ಕೈಗಿತ್ತ ಕರಪತ್ರದ ಬಗ್ಗೆ. ಅದು ಈತನನ್ನು ‘ಕಪ್ಪು ಮೊಜಾರ್ಟ್’ ಎಂದು ಪರಿಚಯಿಸುತ್ತದೆ. ಹೆಸರಾಂತ ಸಂಯೋಜಕ ಮೊಜಾರ್ಟ್ ಹುಟ್ಟಿದ್ದು 1756ರಲ್ಲಿ. ಹತ್ತು ವರ್ಷ ಹಿರಿಯನಾದವನನ್ನು ಕಿರಿಯನ ನೆರಳಿನಲ್ಲಿ ನಿಲ್ಲಿಸುವುದು ಅನ್ಯಾಯ. 1776ರಲ್ಲಿ ಸಾಂ-ಜಾರ್ಜ್ ಗೀತನಾಟಕ ಸಂಸ್ಥೆಯಾದ ಪ್ಯಾರಿಸ್ ಒಪೆರಾದ ಮುಖ್ಯಸ್ಥನಾಗಬೇಕಿದ್ದಾಗ, ಆತನ ಮೈಬಣ್ಣದ ಕಾರಣಕ್ಕೆ ಅಲ್ಲಿನ ಗಾಯಕಿಯರು ರಾಣಿಗೆ ದೂರಿತ್ತು ಅದನ್ನು ತಪ್ಪಿಸಿದ್ದರ ಬಗ್ಗೆ ಕರಪತ್ರದಲ್ಲಿ ಒಂದು ಸಾಲೂ ಇಲ್ಲ. ಸಂಯೋಜಕ ಹೈಡನ್‌ನ ಆರು ಪ್ಯಾರಿಸ್ ಸಿಂಫನಿಗಳನ್ನು (ಇಡೀ ವಾದ್ಯವೃಂದದ ದೀರ್ಘ ಕೃತಿಗಳನ್ನು) ಬರೆಸಿದ ಸಂಸ್ಥೆಯ ವಾದ್ಯವೃಂದವನ್ನು ಮುನ್ನಡೆಸಿದವನೂ ಈತನೇ ಎಂಬುದೂ ಇಲ್ಲ.

ಮುಂದಿನ ತಿಂಗಳು ಶಿವಮೊಗ್ಗದಲ್ಲೂ ಇದೇ ತಂಡ ನುಡಿಸಲಿದೆ. ದಯವಿಟ್ಟು ಹೋಗಿ, ಸಾಧ್ಯವಾದರೆ ಮುಂದಿನ ಸಾಲಿನಲ್ಲೇ ಕುಳಿತುಕೊಳ್ಳಿ. ಸಂಘಟಕರು ಇಲ್ಲಿನಂತೆ ಅಲ್ಲಿಯೂ ಧ್ವನಿವರ್ಧಕದ ಗೊಡವೆಗೆ ಹೋಗದಿರಲಿ, ಕರಪತ್ರವನ್ನು ತಿದ್ದಿ ಮರುಮುದ್ರಿಸಲಿ.