ಎಣ್ಣೆಯ ಅಭ್ಯಂಗವೋ, ಥಾಯ್ ಮಸಾಜೋ?

ಮೊದಲ ಸಲ ಹೋಗುವವರು ಬಟ್ಟೆಯ ವಿಷಯ ಮುಂಚೆಯೇ ಕೇಳಿಕೊಳ್ಳಿ. ಅಭ್ಯಂಗಕ್ಕೆ ಬಹುತೇಕ ಬಟ್ಟೆ ತೆಗೆದು ಮಲಗಬೇಕು. ಮೈಗೆಲ್ಲ ಬೆಚ್ಚಗಿನ ಎಳ್ಳೆಣ್ಣೆ. ಥಾಯ್‌ನಲ್ಲಿ ಸಾಮಾನ್ಯವಾಗಿ ಎಣ್ಣೆಯೇ ಇಲ್ಲ. ಸಡಿಲ ಬಟ್ಟೆಯಲ್ಲೇ ಮಲಗಿಸಿ ಕೈಕಾಲು ಎಳೆದು, ಬಗ್ಗಿಸಿ, ಒತ್ತುತ್ತಾರೆ. 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ವಿದ್ಯೆ ಅದು.

ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂತು ಮೈ ಬಿಗಿದವರಿಗೆ ಥಾಯ್ ಹಿಡಿಸಬಹುದು. ನನಗಂತೂ ಅಭ್ಯಂಗವೇ. ದೀಪಾವಳಿಯ ಎಣ್ಣೆಸ್ನಾನದ ರುಚಿ ಬಿಡುತ್ತದಾ? ಆದರೆ ಆಮೇಲೆ ಮೀಟಿಂಗ್ ಇಟ್ಟುಕೊಳ್ಳಬೇಡಿ. ಹಾಗೆ ಮಾಡಿ ನನ್ನ ಲ್ಯಾಪ್‌ಟಾಪ್ ಕೀಲಿಗಳೆಲ್ಲ ಜಿಡ್ಡಾಗಿದ್ದವು.

ಹೊಟ್ಟೆತುಂಬ ಉಂಡು ಎರಡಕ್ಕೂ ಹೋಗಬೇಡಿ. ಬಿಪಿ ಇದ್ದರೆ, ಬಸುರಿಯಾಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಎರಡೂ ಬೇಡ, ಡಾಕ್ಟರ್ ಹತ್ತಿರ ಹೋಗಿ. ನೋವು ಜಾಸ್ತಿಯಾದರೆ ಸುಮ್ನೆ ಹಲ್ಲು ಕಚ್ಚಿಕೊಂಡಿರಬೇಡಿ, "ಸ್ವಲ್ಪ ಮೆಲ್ಲಗೆ" ಅನ್ನಿ.