ಭೂಕಂಪದ ಆನ್‌ಲೈನ್ ಕೋರ್ಸ್: ಮೂರನೇ ವಾರ ಬಿಟ್ಟು ಓಡಬೇಡಿ

ಆರು ವಾರದ ಕೋರ್ಸ್, ಹೋದ ತಿಂಗಳು ಮುಗಿಸಿದೆ. ಪಾಠ ಮಾಡುವವರು ಭೂಭೌತ ವಿಜ್ಞಾನಿ. ಅರ್ಧ ವೃತ್ತಿ ತಾನಾಗಿ ಆಗುವ ಭೂಕಂಪಗಳ ಹಿಂದೆ, ಇನ್ನರ್ಧ ಮನುಷ್ಯರೇ ಕೆಣಕಿ ತಂದುಕೊಂಡ ಭೂಕಂಪಗಳ ಹಿಂದೆ ಓಡಾಡಿದವರು. ಬರೀ ಸರ್ಟಿಫಿಕೇಟಿಗೆ ಸೇರುವವರಿಗೆ ಇದು ಬೇಡ.

ಮೊದಲೆರಡು ವಾರ ಸಪ್ಪೆ. ಮೂರನೇ ವಾರ ಲೆಕ್ಕ ಜಾಸ್ತಿ, ನಾನಂತೂ ಬಿಟ್ಟೇಬಿಡೋಣ ಅಂದುಕೊಂಡಿದ್ದೆ. ಆದರೆ ಆ ವಾರದ ಹೋಂವರ್ಕೇ ಇಡೀ ಕೋರ್ಸಿನ ಜೀವ. ಭೂಕಂಪ ಅಳೆಯುವ ಮೂರು ಕೇಂದ್ರಗಳಲ್ಲಿ ದಾಖಲಾದ ಗೆರೆಗಳನ್ನು ಕೊಟ್ಟು, ಮೊದಲು ತಲುಪುವ ವೇಗದ ಪಿ ಅಲೆ ಎಲ್ಲಿ ಬಂತು, ಹಿಂದೆ ಬರುವ ನಿಧಾನದ ಎಸ್ ಅಲೆ ಎಲ್ಲಿ ಬಂತು ಅಂತ ನಮ್ಮ ಕೈಲೇ ಗುರುತು ಹಾಕಿಸುತ್ತಾರೆ. ಎರಡರ ನಡುವಿನ ಒಂದೊಂದು ಸೆಕೆಂಡಿಗೆ ಭೂಕಂಪ ಆ ಕೇಂದ್ರದಿಂದ ಸುಮಾರು 8 ಕಿ.ಮೀ. ದೂರ ಅಂತ ಲೆಕ್ಕ. ನಾನು ಎಸ್ ಅಲೆಯನ್ನು ಎರಡು ಸೆಕೆಂಡ್ ತಡವಾಗಿ ಗುರುತಿಸಿದೆ, ಭೂಕಂಪ 16 ಕಿ.ಮೀ. ಆಚೆ ಹೋಗಿ ಕೂತಿತು!

ನಾಲ್ಕನೇ ವಾರ ಅಮೆರಿಕದ ಡೆನ್ವರ್ ನಗರದ ಕಥೆ. ಅಮೆರಿಕದ ಸೇನೆ ಮೂರೂವರೆ ಕಿಲೋಮೀಟರಿಗೂ ಆಳದ ಬಾವಿ ಕೊರೆದು 1962ರಿಂದ ರಾಸಾಯನಿಕ ಕೊಳಕು ನೀರನ್ನು ಒಳಗೆ ತುಂಬಿತು, ನೆಲ ನಡುಗಲು ಶುರುವಾಯಿತು. 1966ರಲ್ಲಿ ನಿಲ್ಲಿಸಿದರು. ದೊಡ್ಡ ಭೂಕಂಪಗಳು ಬಂದಿದ್ದು 1967ರಲ್ಲಿ! ನೀರು ಎಣ್ಣೆಯಂತೆ ಬಿರುಕನ್ನು ಜಾರಿಸುತ್ತದೆ ಅಂತ ನಾನು ಸುಮ್ನೆ ನಂಬಿದ್ದೆ. ಹಾಗಲ್ಲವಂತೆ. ಬಿರುಕಿನ ಎರಡು ಬದಿಗಳನ್ನು ಒತ್ತಿ ಹಿಡಿದಿರುವ ಬಲವನ್ನು ನೀರಿನ ಒತ್ತಡ ಸಡಿಲಿಸುತ್ತದೆ, ಪಂಪು ನಿಂತ ಮೇಲೂ ಆ ಒತ್ತಡ ಬಂಡೆಯೊಳಗೆ ಹರಡುತ್ತಲೇ ಇರುತ್ತದೆ. ಆಮೇಲೆ ಕೊಲರಾಡೋದ ರೇಂಜ್ಲಿಯಲ್ಲಿ ವಿಜ್ಞಾನಿಗಳು ಬೇಕಂತಲೇ ನೆಲದೊಳಗಿನ ನೀರಿನ ಒತ್ತಡ ಏರಿಸಿ ಇಳಿಸಿ ನೋಡಿದರು, ಭೂಕಂಪಗಳೂ ಹೆಚ್ಚಿ, ಕಡಿಮೆಯಾದವು. ಈ ಭಾಗವನ್ನು ಎರಡು ಸಲ ನೋಡಿದೆ.

ಅಮೆರಿಕದ ಒಕ್ಲಹೋಮಾ ರಾಜ್ಯದ ಭೂಕಂಪಗಳ ಪಾಠವೂ ಚೆನ್ನಾಗಿದೆ. ಎಲ್ಲರೂ ಫ್ರ್ಯಾಕಿಂಗನ್ನೇ (ಒತ್ತಡದ ನೀರಿನಿಂದ ಬಂಡೆ ಒಡೆದು ಎಣ್ಣೆ, ಅನಿಲ ತೆಗೆಯುವುದು) ಬೈಯುತ್ತಾರೆ ಅಲ್ವಾ, ಆದರೆ ಅಲ್ಲಿ ಹೆಚ್ಚಿನ ಭೂಕಂಪಗಳಿಗೆ ಕಾರಣ ಕಚ್ಚಾ ಎಣ್ಣೆಯ ಜೊತೆ ಮೇಲೆ ಬಂದ ಉಪ್ಪುನೀರನ್ನು ಮತ್ತೆ ಆಳಕ್ಕೆ ತಳ್ಳಿದ್ದು. ಅಲ್ಲಿನ ಪಾನೀ (Pawnee) ಎಂಬ ಊರಿನ ಹತ್ತಿರ 2016ರಲ್ಲಿ ಆದ ಭೂಕಂಪದ ತೀವ್ರತೆ 5.8.

ನನ್ನ ತಕರಾರು ಮಹಾರಾಷ್ಟ್ರದ ಕೊಯ್ನಾ ಬಗ್ಗೆ, ಅಲ್ಲಿ ಭೂಕಂಪ ಕೆಣಕಿದ್ದು ಅಣೆಕಟ್ಟಿನ ನೀರು. ಅಣೆಕಟ್ಟಿನಲ್ಲಿ ನೀರು ನಿಂತದ್ದು 1962ರಿಂದ, 6.3 ತೀವ್ರತೆಯ ಭೂಕಂಪ ಆದದ್ದು 1967ರ ಡಿಸೆಂಬರ್ 11ಕ್ಕೆ, ಇವತ್ತಿಗೂ ಅಲ್ಲಿ ನೆಲ ನಡುಗುತ್ತಿದೆ. ಇಷ್ಟು ದೊಡ್ಡ ವಿಷಯಕ್ಕೆ ಹತ್ತೇ ನಿಮಿಷ! ಬೇಡವಾದ ವೃತ್ತಿ ಸಲಹೆಗೆ ಪೂರಾ ಒಂದು ವಾರ ಕೊಟ್ಟಿದ್ದಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮಾತು ನಿಧಾನ, ವಿಡಿಯೋ ವೇಗ ಸ್ವಲ್ಪ ಏರಿಸಿಕೊಳ್ಳಿ. ಮೂರನೇ ವಾರದಲ್ಲಿ ಮಾತ್ರ ವೇಗ ಏರಿಸಬೇಡಿ.